ಹಂತ ಹಂತವಾಗಿ ಹೋಮ್ ಥಿಯೇಟರ್: ಮುಖ್ಯ ಸ್ಪೀಕರ್‌ಗಳ ಆಯ್ಕೆ ಹೇಗೆ?

ಮನೆಯಲ್ಲೇ ಚಿತ್ರಮಂದಿರದ ಅನುಭವ ಪಡೆಯಬೇಕೆಂಬ ಆಸೆ ನಗರವಾಸಿಗಳಲ್ಲಿ ಅನೇಕರಿಗಿದೆ. ಆದರೆ ರಿಸೀವರ್, ಐದಾರು ಸ್ಪೀಕರ್, ಸಬ್‌ವೂಫರ್ ಇವೆಲ್ಲವನ್ನೂ ಒಂದೇ ದಿನ ಕೊಳ್ಳುವುದು ಮಧ್ಯಮ ವರ್ಗದ ಕುಟುಂಬಕ್ಕೆ ಸುಲಭದ ಮಾತಲ್ಲ. ಒಮ್ಮೆಗೇ ಕೊಳ್ಳಲು ಹೊರಟವರು ಇರುವ ಹಣವನ್ನು ಆರೇಳು ಪಾಲು ಮಾಡಿ, ಪ್ರತಿ ಪಾಲಿಗೂ ಅಗ್ಗದ ವಸ್ತುವನ್ನೇ ತಂದು, ಕೊನೆಗೆ ಯಾವುದರಿಂದಲೂ ತೃಪ್ತಿ ಕಾಣದೆ ಹೋಗುವುದುಂಟು. ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆಯಂತೆ, ಎರಡು ಮೂರು ವರ್ಷಗಳ ಅವಧಿಯಲ್ಲಿ ಒಂದೊಂದನ್ನಾಗಿ ಕೂಡಿಸುತ್ತಾ ಹೋಗುವುದು ಇದಕ್ಕಿಂತ ಜಾಣತನದ ದಾರಿ.

ಈ ದಾರಿಯಲ್ಲಿ ಮೊದಲ ಹೆಜ್ಜೆಯೇ ನಿರ್ಣಾಯಕ. ಮೊದಲಿಗೆ ಕೊಳ್ಳುವ ಎರಡು ಮುಖ್ಯ ಸ್ಪೀಕರ್‌ಗಳು ಮುಂದೆ ಬರಲಿರುವ ಕೇಂದ್ರ ಸ್ಪೀಕರ್ ಯಾವುದು, ರಿಸೀವರ್ ಎಷ್ಟು ಶಕ್ತಿಯದು, ಸಬ್‌ವೂಫರ್ ಎಷ್ಟು ಬೇಗ ಬೇಕು ಎಂಬುದನ್ನೆಲ್ಲ ನಿರ್ಧರಿಸಿಬಿಡುತ್ತವೆ. ಇಲ್ಲಿ ಎಡವಿದರೆ ಮುಂದಿನ ಪ್ರತಿ ಹಂತದಲ್ಲೂ ಅದರ ಬೆಲೆ ತೆರಬೇಕಾಗುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ನೀಡಲಾಗಿದೆ.

ಮುಖ್ಯ ಸ್ಪೀಕರ್ ಎಂದರೆ ಯಾವುದು?

ಸಾಮಾನ್ಯವಾಗಿ ಬಳಕೆಯಲ್ಲಿರುವ 5.1 ವ್ಯವಸ್ಥೆಯಲ್ಲಿ ಟಿವಿಯ ಎಡ ಹಾಗೂ ಬಲಕ್ಕೆ ಒಂದೊಂದು, ಟಿವಿಯ ಕೆಳಗೆ ಅಥವಾ ಮೇಲೆ ಕೇಂದ್ರದಲ್ಲಿ ಒಂದು, ಕುಳಿತವರ ಅಕ್ಕಪಕ್ಕ ತುಸು ಹಿಂದಕ್ಕೆ ಎರಡು, ಹೀಗೆ ಐದು ಸ್ಪೀಕರ್‌ಗಳಿರುತ್ತವೆ. ಕೊನೆಯ '.1' ಎಂಬುದು ಸಿಡಿಲು, ಸ್ಫೋಟ ಮೊದಲಾದ ಆಳದ ಸದ್ದಿಗೆಂದೇ ಮೀಸಲಾದ, 120 ಹರ್ಟ್ಸ್‌ವರೆಗಿನ ಪ್ರತ್ಯೇಕ ವಾಹಿನಿ. ಇದನ್ನು ಸಬ್‌ವೂಫರ್ ನುಡಿಸುತ್ತದೆ. ಇವುಗಳಲ್ಲಿ ಮುಂದಿನ ಎಡ ಮತ್ತು ಬಲದ ಜೋಡಿಯನ್ನೇ ಮುಖ್ಯ ಸ್ಪೀಕರ್ ಎನ್ನಲಾಗುತ್ತದೆ. ಚಿತ್ರದ ಹಿನ್ನೆಲೆ ಸಂಗೀತ, ಹಾಡು, ಪರದೆಯ ಮೇಲೆ ಅತ್ತಿತ್ತ ಚಲಿಸುವ ವಸ್ತುಗಳ ಸದ್ದು ಇವುಗಳ ಹೆಚ್ಚಿನ ಭಾರ ಹೊರುವುದು ಇವೇ. ಬರೀ ಹಾಡು ಕೇಳುವಾಗಲಂತೂ ಇಡೀ ಕೆಲಸ ಇವುಗಳದ್ದೇ.

ಎರಡು ಸ್ಪೀಕರ್‌ಗಳ ನಡುವೆ ಧ್ವನಿಯ ಒಂದು ಚಿತ್ರವನ್ನೇ ಮೂಡಿಸಬಹುದೆಂಬ ಕಲ್ಪನೆ ಹೊಸದೇನಲ್ಲ. ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲೂಮ್ಲೈನ್ 1931ರ ಡಿಸೆಂಬರಿನಲ್ಲಿ ಸ್ಟೀರಿಯೊ ಧ್ವನಿಗೆ ಸಂಬಂಧಿಸಿದ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದ್ದರು. ಪರದೆಯ ಮೇಲೆ ನಟ ಎಲ್ಲಿದ್ದಾನೋ ಅಲ್ಲಿಂದಲೇ ಅವನ ಮಾತು ಕೇಳಬೇಕೆಂಬುದು ಅವರ ಉದ್ದೇಶಗಳಲ್ಲೊಂದು. 1933ರ ಏಪ್ರಿಲ್ 27ರಂದು ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದಲ್ಲಿ ನುಡಿಯುತ್ತಿದ್ದ ವಾದ್ಯಮೇಳವನ್ನು ವಾಷಿಂಗ್ಟನ್ನಿನ ಸಭಾಂಗಣಕ್ಕೆ ತಂತಿಯ ಮೂಲಕ ರವಾನಿಸಿದರು. ಅದಕ್ಕೆ ಅವರು ಬಳಸಿದ್ದು ಎಡ, ಬಲ, ಕೇಂದ್ರ ಎಂಬ ಮೂರು ವಾಹಿನಿಗಳು. ಇಂದಿನ ಹೋಮ್ ಥಿಯೇಟರಿನ ಮುಂಭಾಗ ಅದೇ ಮೂರರ ವಂಶದ್ದು.

ಮೊದಲು ಇವನ್ನೇ ಕೊಳ್ಳಬೇಕೇಕೆ?

ಹೋಮ್ ಥಿಯೇಟರಿನ ಭಾಗಗಳಲ್ಲಿ ತೀರ ನಿಧಾನವಾಗಿ ಹಳತಾಗುವ ವಸ್ತುವೆಂದರೆ ಸ್ಪೀಕರ್. ಡಿವಿಡಿ 1996ರಲ್ಲಿ ಬಂತು. ಬ್ಲೂ-ರೇ 2006ರಲ್ಲಿ, ತಲೆಯ ಮೇಲಿನಿಂದಲೂ ಸದ್ದು ಕೇಳಿಸುವ ಡಾಲ್ಬಿ ಅಟ್ಮಾಸ್ 2012ರಲ್ಲಿ ಬಂದವು. ಟಿವಿಯಿಂದ ರಿಸೀವರ್‌ಗೆ ಧ್ವನಿ ಕಳುಹಿಸುವ ಎಚ್‌ಡಿಎಂಐ ಸೌಲಭ್ಯ 2009ರಲ್ಲಿ ಒಂದು ರೂಪದಲ್ಲೂ 2017ರಲ್ಲಿ ಸುಧಾರಿತ ರೂಪದಲ್ಲೂ ಬಂತು. ಪ್ರತಿ ಸಲವೂ ಹಿಂದಿನ ರಿಸೀವರ್ ಒಂದಿಷ್ಟು ಹಿಂದುಳಿಯಿತು. ಆದರೆ 1996ರಲ್ಲಿ ಕೊಂಡ ಒಳ್ಳೆಯ ಸ್ಪೀಕರನ್ನು ಇಂದಿನ ರಿಸೀವರ್‌ಗೆ ಎರಡು ತಂತಿಗಳಿಂದ ಜೋಡಿಸಿದರೆ ಸಾಕು, ಅದು ಹಾಡುತ್ತದೆ. ಏಕೆಂದರೆ 1925ರಲ್ಲಿ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು ವಿವರಿಸಿದ ತತ್ತ್ವವೇ ಇಂದಿಗೂ ಬಹುಪಾಲು ಸ್ಪೀಕರ್‌ಗಳಲ್ಲಿ ನಡೆದುಬಂದಿದೆ: ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಅದಕ್ಕೆ ಅಂಟಿದ ಶಂಕುವಿನಾಕಾರದ ಹಾಳೆ.

ಆದ್ದರಿಂದ ಹಣ ಕಡಿಮೆಯಿರುವಾಗ ರಿಸೀವರಿನಲ್ಲಿ ತುಸು ಹಿಡಿತ ಮಾಡಿ, ಮುಖ್ಯ ಸ್ಪೀಕರಿನಲ್ಲಿ ಧಾರಾಳವಾಗಿರುವುದು ಲೇಸು. ರಿಸೀವರನ್ನು ಏಳೆಂಟು ವರ್ಷಗಳಲ್ಲಿ ಬದಲಿಸುವ ಸಂದರ್ಭ ಬರಬಹುದು. ಸರಿಯಾಗಿ ಆರಿಸಿದ ಸ್ಪೀಕರ್ ಅದರ ಎರಡರಷ್ಟು ಕಾಲ ಮನೆಯಲ್ಲಿರುತ್ತದೆ.

ಹಂತಹಂತವಾಗಿ ಬೆಳೆಸುವವರು ದೂರವಿಡಬೇಕಾದ ವಸ್ತುಗಳೂ ಇವೆ. ಒಂದೇ ಪೆಟ್ಟಿಗೆಯಲ್ಲಿ ಎಲ್ಲವೂ ಬರುವ ಸಿದ್ಧ ಹೋಮ್ ಥಿಯೇಟರ್ ಸೆಟ್‌ಗಳಲ್ಲಿ ಸ್ಪೀಕರಿನ ಪ್ಲಗ್ ಆ ಕಂಪನಿಯ ಯಂತ್ರಕ್ಕೆ ಮಾತ್ರ ಹೊಂದುವಂತಿರುವುದು ಸಾಮಾನ್ಯ. ಮುಂದೆ ಒಂದು ಭಾಗ ಕೆಟ್ಟರೂ ಇಡೀ ಸೆಟ್ ಮೂಲೆ ಸೇರುತ್ತದೆ. ಸೌಂಡ್‌ಬಾರ್ ಚಿಕ್ಕ ಕೋಣೆಗೆ ಅನುಕೂಲವಾದರೂ ಅದಕ್ಕೆ ಹೊರಗಿನ ಸ್ಪೀಕರ್ ಸೇರಿಸಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಬೆಳೆಸಬೇಕೆಂಬವರಿಗೆ ಬೇಕಾದುದು ಸಾಮಾನ್ಯ ತಂತಿ ಸಿಕ್ಕಿಸುವ ಎರಡು ತಿರುಪುಗಳುಳ್ಳ, ಒಳಗೆ ಆಂಪ್ಲಿಫೈಯರ್ ಇಲ್ಲದ ಪ್ಯಾಸಿವ್ ಸ್ಪೀಕರ್.

ಕೋಣೆಯ ಅಳತೆ ಮೊದಲು

ಸ್ಪೀಕರಿನ ಬೆಲೆ ನೋಡುವುದಕ್ಕೆ ಮೊದಲು ಟೇಪು ಹಿಡಿದು ಕೋಣೆಯನ್ನು ಅಳೆಯಬೇಕು. ನಮ್ಮ ಅಪಾರ್ಟ್‌ಮೆಂಟುಗಳ ಕೋಣೆ ಸಾಮಾನ್ಯವಾಗಿ 10 ಅಡಿ ಅಗಲ, 12 ಅಡಿ ಉದ್ದದ ಆಸುಪಾಸಿನಲ್ಲಿರುತ್ತದೆ. ಧ್ವನಿ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. 12 ಅಡಿ, ಅಂದರೆ 3.66 ಮೀಟರ್ ಅಂತರದ ಎರಡು ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್ ಕಂಪನಾಂಕದ ಅಲೆಯ ಅರ್ಧ ಭಾಗ ಸರಿಯಾಗಿ ಕೂರುತ್ತದೆ. 10 ಅಡಿಯ ಅಂತರದಲ್ಲಿ ಹಾಗೆ ಕೂರುವುದು ಸುಮಾರು 56 ಹರ್ಟ್ಸ್‌ನ ಅಲೆ. ಈ ಕಂಪನಾಂಕಗಳಲ್ಲಿ ಸದ್ದು ಕೋಣೆಯ ಒಂದೆಡೆ ಉಬ್ಬಿ, ಇನ್ನೊಂದೆಡೆ ಕುಗ್ಗುತ್ತದೆ. ಉದ್ದ ಅಗಲ ಎರಡೂ ಸಮನಾಗಿರುವ ಚೌಕ ಕೋಣೆಯಲ್ಲಿ ಎರಡು ಉಬ್ಬುಗಳೂ ಒಂದೇ ಕಡೆ ಸೇರುವುದರಿಂದ ತೊಂದರೆ ಇನ್ನೂ ಹೆಚ್ಚು.

ಇನ್ನೊಂದು ಸಂಗತಿಯನ್ನು ವಿದೇಶಿ ವಿಮರ್ಶೆಗಳನ್ನು ಓದಿ ಸ್ಪೀಕರ್ ಆರಿಸುವವರು ಗಮನಿಸಬೇಕು. ಅಮೆರಿಕದ ಮನೆಗಳ ಗೋಡೆಗಳು ಬಹುಮಟ್ಟಿಗೆ ಮರದ ಚೌಕಟ್ಟಿನ ಮೇಲೆ ಹಲಗೆ ಹೊಡೆದವು. ಮಂದ್ರದ ಸದ್ದಿಗೆ ಅವು ತುಸು ನಡುಗಿ ಒಂದಿಷ್ಟು ಶಕ್ತಿಯನ್ನು ಹೀರಿಕೊಳ್ಳುತ್ತವೆ. ನಮ್ಮ ಇಟ್ಟಿಗೆ ಮತ್ತು ಕಾಂಕ್ರೀಟ್ ಗೋಡೆಗಳು ಅದನ್ನು ಹೆಚ್ಚುಕಡಿಮೆ ಹಾಗೆಯೇ ಹಿಂದಿರುಗಿಸುತ್ತವೆ. ಅಲ್ಲಿ ಹದವಾಗಿ ಕೇಳಿಸಿದ ದೊಡ್ಡ ಸ್ಪೀಕರ್ ಇಲ್ಲಿ ಗುಂಯ್‌ಗುಡಬಹುದು. ವಿಟ್ರಿಫೈಡ್ ಟೈಲ್ಸ್ ನೆಲ, ಗಾಜಿನ ಕಿಟಕಿ ಇವು ತಾರ ಸ್ವರಗಳನ್ನು ಪ್ರತಿಫಲಿಸಿ ಮಾತನ್ನು ಕಲಸಿಬಿಡುತ್ತವೆ. ದಪ್ಪ ಪರದೆ, ಜಮಖಾನೆ, ಪುಸ್ತಕ ತುಂಬಿದ ಕಪಾಟು, ಬಟ್ಟೆಯ ಸೋಫಾ ಇವು ಇದಕ್ಕೆ ಅಗ್ಗದ ಪರಿಹಾರ.

ಟಿವಿಯ ಸುತ್ತ ಗೋಡೆಗಂಟಿದ ಶೋಕೇಸಿನ ಗೂಡಿನಲ್ಲಿ ಸ್ಪೀಕರ್ ತುರುಕುವುದು ನಮ್ಮಲ್ಲಿ ರೂಢಿ. ಗೂಡು ಮಂದ್ರ ಸದ್ದನ್ನು ಅಸಹಜವಾಗಿ ಉಬ್ಬಿಸುತ್ತದೆ. ಗೋಡೆಗೆ ಸಮೀಪವೇ ಇಡಬೇಕಾದ ಅನಿವಾರ್ಯವಿದ್ದರೆ ಗಾಳಿರಂಧ್ರ ಹಿಂಬದಿಯಲ್ಲಿರುವ ಪೆಟ್ಟಿಗೆಗಿಂತ ರಂಧ್ರ ಮುಂಭಾಗದಲ್ಲಿರುವ ಅಥವಾ ಪೂರ್ಣ ಮುಚ್ಚಿದ ಪೆಟ್ಟಿಗೆ ವಾಸಿ.

ನೆಲಕ್ಕೆ ನಿಲ್ಲುವುದೋ, ಬುಕ್‌ಶೆಲ್ಫ್ ಮಾದರಿಯೋ?

ಎತ್ತರದ ಟವರ್ ಸ್ಪೀಕರ್ ಕಂಡರೆ ಮನಸ್ಸು ಸೋಲುವುದು ಸಹಜ. ಸಾಧಾರಣ ಟವರ್ ಸ್ಪೀಕರ್ 40 ಹರ್ಟ್ಸ್‌ನ ಆಸುಪಾಸಿನವರೆಗೆ ಇಳಿದರೆ, ಬುಕ್‌ಶೆಲ್ಫ್ ಎಂದು ಕರೆಯುವ ಚಿಕ್ಕ ಪೆಟ್ಟಿಗೆ 55-60 ಹರ್ಟ್ಸ್‌ಗೆ ನಿಲ್ಲುತ್ತದೆ. ಈ ವ್ಯತ್ಯಾಸ ಎಷ್ಟು ಮುಖ್ಯ ಎಂಬುದು ಮುಂದಿನ ಯೋಜನೆಯನ್ನು ಅವಲಂಬಿಸಿದೆ.

ಸಬ್‌ವೂಫರ್ ಸೇರಿದ ಮೇಲೆ ರಿಸೀವರಿನಲ್ಲಿ ಸಾಮಾನ್ಯವಾಗಿ 80 ಹರ್ಟ್ಸ್‌ನ ಗಡಿ ಹಾಕಲಾಗುತ್ತದೆ. ಅದಕ್ಕಿಂತ ಕೆಳಗಿನ ಸದ್ದು ಸಬ್‌ವೂಫರ್‌ಗೆ ಹೋಗಿ, ಮೇಲಿನದು ಮಾತ್ರ ಮುಖ್ಯ ಸ್ಪೀಕರ್‌ಗೆ ಬರುತ್ತದೆ. ಆಗ ಟವರ್ ಸ್ಪೀಕರಿನ ದೊಡ್ಡ ಪೆಟ್ಟಿಗೆಗೆ ಕೊಟ್ಟ ಹಣದ ಒಂದು ಭಾಗ ಕೆಲಸಕ್ಕೆ ಬಾರದೆ ಉಳಿಯುತ್ತದೆ. ಒಂದು ವರ್ಷದೊಳಗೆ ಸಬ್‌ವೂಫರ್ ಕೊಳ್ಳುವ ಯೋಜನೆಯಿರುವವರು, ಕೋಣೆ ಚಿಕ್ಕದಿರುವವರು ಅದೇ ಬೆಲೆಗೆ ಸಿಗುವ ಉತ್ತಮ ದರ್ಜೆಯ ಬುಕ್‌ಶೆಲ್ಫ್ ಜೋಡಿಯನ್ನು ಆರಿಸುವುದು ಸರಿ. ಊಟದ ಭಾಗವೂ ಸೇರಿದ ದೊಡ್ಡ ಹಜಾರವಿರುವವರು, ಹೆಚ್ಚಾಗಿ ಸಂಗೀತವನ್ನೇ ಕೇಳುವವರು, ಸಬ್‌ವೂಫರಿನ ಯೋಚನೆಯನ್ನು ಮೂರು ನಾಲ್ಕು ವರ್ಷ ಮುಂದೂಡುವವರು ಟವರ್ ಕಡೆ ನೋಡಬಹುದು.

ಬುಕ್‌ಶೆಲ್ಫ್ ಎಂಬ ಹೆಸರಿದ್ದರೂ ಅದನ್ನು ಇಡಬೇಕಾದ ಜಾಗ ಗಟ್ಟಿಯಾದ ಸ್ಟ್ಯಾಂಡ್. ತಾರ ಸ್ವರ ನುಡಿಸುವ ಟ್ವೀಟರ್ ಕುಳಿತವರ ಕಿವಿಯ ಮಟ್ಟದಲ್ಲಿರಬೇಕು. ಸೋಫಾದಲ್ಲಿ ಕುಳಿತರೆ ಅದು ನೆಲದಿಂದ ಸುಮಾರು 95ರಿಂದ 100 ಸೆಂಟಿಮೀಟರ್. ಚಾಪೆ ಹಾಸಿ ನೆಲದ ಮೇಲೆ ಕುಳಿತು ನೋಡುವ ಮನೆಯಲ್ಲಿ ಇನ್ನೂ ತಗ್ಗು. ಸ್ಟ್ಯಾಂಡಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಯೇ ಟವರಿನೊಂದಿಗೆ ಹೋಲಿಸಬೇಕು.

ಅಂಕಿಗಳನ್ನು ಓದುವ ಬಗೆ

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ವ್ಯಾಟ್ ಅಂಕಿ ಕಂಡು ಮರುಳಾಗಬಾರದು. ಸಾವಿರಾರು ವ್ಯಾಟ್ ತೋರಿಸುವ ಪಿಎಂಪಿಒ ಎಂಬ ಅಳತೆಗೆ ಒಪ್ಪಿತವಾದ ಯಾವ ಮಾನದಂಡವೂ ಇಲ್ಲ. ನೋಡಬೇಕಾದುದು ನಿರಂತರವಾಗಿ ತಾಳಿಕೊಳ್ಳುವ ಆರ್‌ಎಂಎಸ್ ವ್ಯಾಟ್. ಅದಕ್ಕಿಂತಲೂ ಮುಖ್ಯವಾದುದು ಸೆನ್ಸಿಟಿವಿಟಿ ಎಂಬ ಸಂವೇದನಾಮಟ್ಟ. 8 ಓಮ್ ಸ್ಪೀಕರ್‌ಗೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದೇ ಈ ಅಂಕಿ.

ಸದ್ದು 3 ಡೆಸಿಬೆಲ್ ಹೆಚ್ಚಬೇಕಾದರೆ ಆಂಪ್ಲಿಫೈಯರಿನ ಶಕ್ತಿ ಇಮ್ಮಡಿಯಾಗಬೇಕು. ಕಿವಿಗೆ ಎರಡರಷ್ಟು ಜೋರೆನಿಸಲು ಬೇಕಾದ 10 ಡೆಸಿಬೆಲ್‌ಗೆ ಶಕ್ತಿ ಹತ್ತು ಪಟ್ಟಾಗಬೇಕು. ಉದಾಹರಣೆಗೆ, 3 ಮೀಟರ್ ದೂರದಲ್ಲಿ ಕುಳಿತವರಿಗೆ ಚಿತ್ರದ ಅಬ್ಬರದ ಕ್ಷಣದಲ್ಲಿ 95 ಡೆಸಿಬೆಲ್ ಸದ್ದು ತಲುಪಬೇಕೆಂದು ಇಟ್ಟುಕೊಳ್ಳೋಣ. ಗೋಡೆಗಳ ನೆರವನ್ನು ಬಿಟ್ಟು ಲೆಕ್ಕ ಹಾಕಿದರೆ 90 ಡೆಸಿಬೆಲ್ ಸಂವೇದನಾಮಟ್ಟದ ಸ್ಪೀಕರ್‌ಗೆ ಸುಮಾರು 28 ವ್ಯಾಟ್, 87ರದ್ದಕ್ಕೆ ಸುಮಾರು 57 ವ್ಯಾಟ್, 84ರದ್ದಕ್ಕೆ ಸುಮಾರು 113 ವ್ಯಾಟ್ ಬೇಕು. ಕೋಣೆಯೊಳಗೆ ಪ್ರತಿಫಲನದ ನೆರವಿರುವುದರಿಂದ ವಾಸ್ತವದಲ್ಲಿ ಇದಕ್ಕಿಂತ ಕಡಿಮೆ ಸಾಕು. ಆದರೆ ಅನುಪಾತ ಬದಲಾಗದು. ಸ್ಪೀಕರಿನ 6 ಡೆಸಿಬೆಲ್ ಕೊರತೆಯನ್ನು ರಿಸೀವರಿನಲ್ಲಿ ತುಂಬಲು ನಾಲ್ಕು ಪಟ್ಟು ಶಕ್ತಿ ಬೇಕಾಗುತ್ತದೆ. ರಿಸೀವರ್‌ಗಳ ಮೇಲೆ ಬರೆದ ಶಕ್ತಿ ಎರಡೇ ಸ್ಪೀಕರ್ ನುಡಿಯುವಾಗಿನದು ಎಂಬುದೂ ನೆನಪಿರಲಿ. ಐದೂ ಒಟ್ಟಿಗೆ ನುಡಿಯುವಾಗ ಪ್ರತಿಯೊಂದರ ಪಾಲು ತಗ್ಗುತ್ತದೆ. ಹೀಗಾಗಿ ಸಾಧಾರಣ ರಿಸೀವರಿನೊಂದಿಗೆ ಆರಂಭಿಸುವವರಿಗೆ 87 ಅಥವಾ ಅದಕ್ಕೂ ಮೇಲಿನ ಸಂವೇದನಾಮಟ್ಟ ಕ್ಷೇಮ.

ಇನ್ನೊಂದು ಅಂಕಿ ಇಂಪೀಡೆನ್ಸ್. ಇದು 8, 6 ಅಥವಾ 4 ಓಮ್ ಎಂದಿರುತ್ತದೆ. ಓಮ್ ಕಡಿಮೆಯಾದಷ್ಟೂ ರಿಸೀವರಿನಿಂದ ಎಳೆಯುವ ವಿದ್ಯುತ್ ಹೆಚ್ಚು. ಕಡಿಮೆ ಬೆಲೆಯ ರಿಸೀವರ್‌ಗಳು 4 ಓಮ್ ಸ್ಪೀಕರಿನೊಂದಿಗೆ ಬಿಸಿಯಾಗಿ ತಾವೇ ಆರಿಹೋಗಬಹುದು. ರಿಸೀವರಿನ ಹಿಂಬದಿಯಲ್ಲಿ ಕನಿಷ್ಠ ಎಷ್ಟು ಓಮ್ ಎಂದು ಬರೆದಿದೆಯೋ ಅದಕ್ಕೆ ಹೊಂದುವ ಸ್ಪೀಕರನ್ನೇ ಆರಿಸಬೇಕು. ಹಂತಹಂತವಾಗಿ ಕಟ್ಟುವವರಿಗೆ 6 ಅಥವಾ 8 ಓಮ್ ಸೂಕ್ತ.

'20ರಿಂದ 20,000 ಹರ್ಟ್ಸ್' ಎಂಬ ಹೇಳಿಕೆಯ ಮುಂದೆ ಎಷ್ಟು ಡೆಸಿಬೆಲ್ ಏರುಪೇರಿನೊಳಗೆ ಎಂದು ಬರೆದಿರದಿದ್ದರೆ ಅದಕ್ಕೆ ಬೆಲೆ ಕಡಿಮೆ. ಏರುಪೇರು ಹೆಚ್ಚುಕಡಿಮೆ 3 ಡೆಸಿಬೆಲ್‌ನೊಳಗೆ ಎಂದು ಸ್ಪಷ್ಟವಾಗಿದ್ದರೆ ಮಾತ್ರ ಒಂದು ಸ್ಪೀಕರನ್ನು ಇನ್ನೊಂದರೊಡನೆ ಹೋಲಿಸಬಹುದು.

ಈ ವಿಷಯದಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿಯೂ ಅನಂತರ ಹರ್ಮನ್ ಕಂಪನಿಯಲ್ಲಿಯೂ ಕೆಲಸ ಮಾಡಿದ ಫ್ಲಾಯ್ಡ್ ಟೂಲ್ ಅವರ ಸಂಶೋಧನೆ ಪ್ರಸಿದ್ಧ. ಯಾವ ಸ್ಪೀಕರ್ ಎಂಬುದು ಕಾಣದಂತೆ ಪರದೆಯ ಹಿಂದಿಟ್ಟು ಕೇಳಿಸಿದಾಗ, ಎಲ್ಲ ಸ್ವರಗಳನ್ನೂ ಸಮನಾಗಿ ನುಡಿಸುವ ಹಾಗೂ ಪಕ್ಕಕ್ಕೂ ಅದೇ ಗುಣದ ಧ್ವನಿಯನ್ನು ಹರಡುವ ಸ್ಪೀಕರನ್ನೇ ಹೆಚ್ಚಿನ ಕೇಳುಗರು ಮೆಚ್ಚಿದರು. ಅವರು ಶಾನ್ ಆಲಿವ್ ಜೊತೆಗೂಡಿ 1994ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಸ್ಪೀಕರ್ ಕಣ್ಣಿಗೆ ಕಾಣುತ್ತಿದ್ದಂತೆಯೇ ಕೇಳುಗರ ತೀರ್ಪು ಬದಲಾಗುವುದು ಕಂಡುಬಂತು. ಸ್ಪೀಕರನ್ನು ಸುತ್ತಲೂ 70 ಕೋನಗಳಿಂದ ಅಳೆಯುವ ಕ್ರಮವನ್ನು ಅಮೆರಿಕದ ಗ್ರಾಹಕ ಎಲೆಕ್ಟ್ರಾನಿಕ್ಸ್ ಉದ್ಯಮದ ಸಂಘಟನೆ 2013ರಲ್ಲಿ ಮಾನದಂಡವಾಗಿ ಪ್ರಕಟಿಸಿತು. ಇಂತಹ ಅಳತೆಯ ನಕ್ಷೆ ಸಿಗುವ ಸ್ಪೀಕರಾದರೆ ಕೊಳ್ಳುವವರ ಕೆಲಸ ಅರ್ಧ ಹಗುರವಾದಂತೆ.

ಕೇಂದ್ರ ಸ್ಪೀಕರಿನ ನಂಟು

ಮುಖ್ಯ ಸ್ಪೀಕರ್ ಕೊಳ್ಳುವ ದಿನವೇ ಕೇಂದ್ರ ಸ್ಪೀಕರಿನ ಬಗೆಗೂ ನಿರ್ಧಾರವಾಗಿರಬೇಕು. ಚಲನಚಿತ್ರದ ಸಂಭಾಷಣೆಯ ಬಹುಭಾಗ ಬರುವುದು ಕೇಂದ್ರದಿಂದ. ಪಾತ್ರ ಪರದೆಯ ಎಡದಿಂದ ಬಲಕ್ಕೆ ಮಾತನಾಡುತ್ತಾ ನಡೆದಾಗ ಧ್ವನಿ ಎಡ, ಕೇಂದ್ರ, ಬಲ ಹೀಗೆ ಮೂರನ್ನೂ ದಾಟುತ್ತದೆ. ಮೂರರ ನಾದಗುಣ ಒಂದೇ ಆಗಿರದಿದ್ದರೆ ನಡುವೆ ದನಿಯೇ ಬದಲಾದಂತೆ ಭಾಸವಾಗುತ್ತದೆ. ಆದ್ದರಿಂದ ಕೇಂದ್ರ ಸ್ಪೀಕರ್ ಮುಖ್ಯ ಸ್ಪೀಕರಿನ ಶ್ರೇಣಿಯದ್ದೇ ಆಗಿರಬೇಕು.

ತೊಡಕಿರುವುದು ಇಲ್ಲಿಯೇ. ಕಂಪನಿಗಳು ಕೆಲವು ವರ್ಷಗಳಿಗೊಮ್ಮೆ ಶ್ರೇಣಿಯನ್ನು ಬದಲಿಸುತ್ತವೆ. ಇಂದು ಮುಖ್ಯ ಜೋಡಿ ಕೊಂಡು ಮೂರು ವರ್ಷಗಳ ನಂತರ ಹೋದರೆ ಅದರ ಜೊತೆಗಾರ ಕೇಂದ್ರ ಸ್ಪೀಕರ್ ತಯಾರಿಕೆ ನಿಂತಿರಬಹುದು. ಈಚೆಗೆ ಬಿಡುಗಡೆಯಾದ ಶ್ರೇಣಿಯನ್ನು ಆರಿಸುವುದು ಒಂದು ಉಪಾಯ. ಅದರ ಆಯುಷ್ಯ ಇನ್ನೂ ಉಳಿದಿರುತ್ತದೆ. ದಾಸ್ತಾನು ತೀರಿಸುವ ರಿಯಾಯಿತಿಯಲ್ಲಿ ಸಿಗುವ ಹಳೆಯ ಶ್ರೇಣಿಯ ಜೋಡಿಯನ್ನು ಕೊಳ್ಳುವುದಾದರೆ ಅದರ ಕೇಂದ್ರ ಸ್ಪೀಕರನ್ನೂ ಅದೇ ದಿನ ಕೊಂಡುಬಿಡಬೇಕು.

ಇನ್ನೊಂದು ಉಪಾಯ ಬುಕ್‌ಶೆಲ್ಫ್ ಆರಿಸಿದವರಿಗೆ ಮಾತ್ರ ಸಾಧ್ಯ. ಕೇಂದ್ರಕ್ಕೂ ಅದೇ ಸ್ಪೀಕರನ್ನು ನೆಟ್ಟಗೆ ನಿಲ್ಲಿಸುವುದು. ಮಾರುಕಟ್ಟೆಯಲ್ಲಿ ಸಿಗುವ ಅಡ್ಡಲಾದ ಕೇಂದ್ರ ಸ್ಪೀಕರ್‌ಗಳಲ್ಲಿ ಟ್ವೀಟರಿನ ಎರಡೂ ಬದಿಗೆ ಒಂದೊಂದು ವೂಫರ್ ಇರುತ್ತದೆ. ಪಕ್ಕದಲ್ಲಿ ಕುಳಿತವರಿಗೆ ಎರಡರ ಅಲೆಗಳು ಬೇರೆ ಬೇರೆ ಕ್ಷಣದಲ್ಲಿ ತಲುಪಿ, ಕೆಲವು ಮಧ್ಯಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಸೋಫಾದ ಅಂಚಿನಲ್ಲಿ ಕುಳಿತ ಹಿರಿಯರಿಗೆ ಮಾತು ಅಸ್ಪಷ್ಟವಾಗಲು ಇದೂ ಒಂದು ಕಾರಣ. ಗೋಡೆಗೆ ತೂಗಿದ ಟಿವಿಯ ಕೆಳಗೆ ಜಾಗವಿದ್ದರೆ ಮೂರೂ ಒಂದೇ ಬಗೆಯ ಸ್ಪೀಕರ್ ಇಡುವುದು ಈ ದೋಷವನ್ನು ತಪ್ಪಿಸುತ್ತದೆ. ಬುಕ್‌ಶೆಲ್ಫ್ ಸಾಮಾನ್ಯವಾಗಿ ಜೋಡಿಯಾಗಿಯೇ ಮಾರಾಟವಾಗುವುದರಿಂದ ಒಂದು ಬಿಡಿ ಉಳಿಯುತ್ತದೆಂಬ ಚಿಂತೆ ಬೇಡ. ಮೂರು ವರ್ಷಗಳಲ್ಲಿ ಮೂರು ಜೋಡಿ ಕೊಂಡರೆ ಐದೂ ಸ್ಥಾನ ತುಂಬಿ, ಒಂದು ಬದಲಿಯಾಗಿ ಉಳಿಯುತ್ತದೆ.

ಅಂಗಡಿಯಲ್ಲಿ ಕೇಳುವ ಕ್ರಮ

ಎರಡು ಸ್ಪೀಕರ್‌ಗಳನ್ನು ಹೋಲಿಸುವಾಗ ತುಸು ಜೋರಾಗಿ ನುಡಿಯುವುದೇ ಉತ್ತಮವೆನಿಸುವುದು ಕಿವಿಯ ಸ್ವಭಾವ. ಎರಡರ ಸದ್ದಿನ ಮಟ್ಟವನ್ನೂ ಸಮ ಮಾಡಿ ಕೇಳಿಸುವಂತೆ ಅಂಗಡಿಯವರನ್ನು ಕೋರಬೇಕು. ಬೇಸ್, ಟ್ರೆಬಲ್, ಸರೌಂಡ್ ಮೊದಲಾದ ಎಲ್ಲ ಹೆಚ್ಚುವರಿ ಸೌಲಭ್ಯಗಳನ್ನೂ ಆರಿಸಿ, ಸಬ್‌ವೂಫರ್ ನಿಲ್ಲಿಸಿ, ಎರಡೇ ಸ್ಪೀಕರ್ ಕೇಳಬೇಕು. ಅಂಗಡಿಯವರು ಇಟ್ಟಿರುವ ಅಬ್ಬರದ ದೃಶ್ಯದ ಬದಲು ನಿಮಗೆ ಚಿರಪರಿಚಿತವಾದ ಧ್ವನಿಯನ್ನು ಕೊಂಡೊಯ್ಯುವುದು ಒಳ್ಳೆಯದು.

ಮೊದಲ ಪರೀಕ್ಷೆ ಮನುಷ್ಯನ ಮಾತು. ವಾರ್ತೆ ಓದುವ ಗಂಡಸಿನ ದನಿ ಮಡಕೆಯೊಳಗಿಂದ ಬಂದಂತೆ ಕೇಳಿಸಿದರೆ ಪೆಟ್ಟಿಗೆ ತಾನೂ ನುಡಿಯುತ್ತಿದೆ ಎಂದರ್ಥ. ಹೆಣ್ಣುದನಿಯ 'ಸ', 'ಶ' ಅಕ್ಷರಗಳು ಸೀಟಿ ಹಾಕಿದಂತಿದ್ದರೆ ಟ್ವೀಟರ್ ಒರಟು. ಎರಡನೆಯದು ವಾದ್ಯ. ಮೃದಂಗದ ಬಲಭಾಗದ ಸ್ಪಷ್ಟ ಪೆಟ್ಟೂ ಎಡಭಾಗದ ಗುಮುಕಿಯೂ ಬೇರೆ ಬೇರೆಯಾಗಿ ಕೇಳಬೇಕು, ಗುಮುಕಿಯ ಏರಿಳಿತ ತಿಳಿಯಬೇಕು. ಯಕ್ಷಗಾನದ ಚಂಡೆ ಜೋರಾದಾಗ ಭಾಗವತರ ದನಿ ಅಡಗಿಹೋಗಬಾರದು. ಮೂರನೆಯದು ಜಾಗ. ಎರಡರ ನಡುವೆ ಕುಳಿತಾಗ ಗಾಯಕ ಸರಿಯಾಗಿ ಮಧ್ಯದಲ್ಲಿರುವಂತೆ ಭಾಸವಾಗಬೇಕು. ನಂತರ ಎದ್ದು ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದು ಕೇಳಿ. ದನಿ ಆ ಕಡೆಗೆ ವಾಲುವುದು ಸಹಜ, ಆದರೆ ಅದರ ಗುಣ ಮಂಕಾಗಬಾರದು. ಕೊನೆಗೆ, ಮನೆಯಲ್ಲಿ ರಾತ್ರಿ ಕೇಳುವಷ್ಟು ಮೆಲ್ಲಗೆ ಇಟ್ಟು ಮಾತು ಸ್ಪಷ್ಟವೇ ನೋಡಿ. ಅಪಾರ್ಟ್‌ಮೆಂಟಿನಲ್ಲಿ ಹೆಚ್ಚಿನ ದಿನಗಳ ಬಳಕೆ ಅದೇ ಮಟ್ಟದಲ್ಲಿ.

ಹಳೆಯ ಸ್ಪೀಕರ್ ಕೊಳ್ಳಬಹುದೇ?

ನಿಧಾನವಾಗಿ ಹಳತಾಗುವ ವಸ್ತುವಾದ್ದರಿಂದ ಬಳಸಿದ ಸ್ಪೀಕರ್ ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಮೂರು ಪರೀಕ್ಷೆ ಅಗತ್ಯ. ವೂಫರಿನ ಸುತ್ತಲಿನ ಅಂಚು ಫೋಮ್‌ನದಾಗಿದ್ದರೆ ಹತ್ತು ಹದಿನೈದು ವರ್ಷಗಳಲ್ಲಿ ಪುಡಿಯಾಗುತ್ತದೆ, ರಬ್ಬರ್ ಅಂಚು ಹೆಚ್ಚು ಬಾಳುತ್ತದೆ. ಎರಡು ಬೆರಳುಗಳಿಂದ ಶಂಕುವನ್ನು ಸಮನಾಗಿ ಮೆಲ್ಲಗೆ ಒತ್ತಿದಾಗ ಉಜ್ಜುವ ಸದ್ದು ಬಂದರೆ ಸುರುಳಿ ಕೆಟ್ಟಿದೆ. ಮಲ್ಟಿಮೀಟರಿನಲ್ಲಿ ಅಳೆದಾಗ 8 ಓಮ್ ಸ್ಪೀಕರ್ ಸಾಮಾನ್ಯವಾಗಿ 6 ಓಮ್ ಆಸುಪಾಸು ತೋರಿಸುತ್ತದೆ. ಏನನ್ನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ ಎಂದು ತಿಳಿಯಬೇಕು.

ಮಂಗಳೂರು, ಉಡುಪಿ, ಕಾರವಾರ ಹಾಗೂ ಮಲೆನಾಡಿನ ಓದುಗರು ತೇವದ ಬಗೆಗೂ ಎಚ್ಚರ ವಹಿಸಬೇಕು. ಪೆಟ್ಟಿಗೆಗೆ ಬಳಸುವ ಎಂಡಿಎಫ್ ಹಲಗೆ ನೀರು ಕುಡಿದರೆ ಉಬ್ಬುತ್ತದೆ. ಮಳೆಗಾಲದಲ್ಲಿ ಒದ್ದೆಯಾಗುವ ಗೋಡೆಗೆ ತಾಗಿಸದೆ, ನೆಲದಿಂದ ತುಸು ಎತ್ತರಿಸಿ ಇಡಬೇಕು. ಅಲ್ಲಿ ರಬ್ಬರ್ ಅಂಚಿನ ವೂಫರನ್ನೇ ಕೇಳಿ ಪಡೆಯುವುದು ಒಳ್ಳೆಯದು.

ಯಾವುದರ ನಂತರ ಯಾವುದು?

ಮೊದಲ ಹಂತದಲ್ಲಿ ಮುಖ್ಯ ಜೋಡಿ ಮತ್ತು ಕನಿಷ್ಠ 5.1 ಸೌಲಭ್ಯದ ರಿಸೀವರ್. ಎರಡನ್ನು ಮಾತ್ರ ಜೋಡಿಸಿದಾಗ ರಿಸೀವರಿನ ಸೆಟ್ಟಿಂಗ್‌ನಲ್ಲಿ ಕೇಂದ್ರ, ಸರೌಂಡ್, ಸಬ್‌ವೂಫರ್ ಇಲ್ಲ ಎಂದು ಕಡ್ಡಾಯವಾಗಿ ತಿಳಿಸಬೇಕು. ಆಗ ಅದು ಕೇಂದ್ರದ ಮಾತನ್ನು ಎಡಬಲಕ್ಕೆ ಸಮನಾಗಿ ಹಂಚಿ, ನಡುವಿನಿಂದಲೇ ಬಂದಂತೆ ಕೇಳಿಸುತ್ತದೆ. ಇದನ್ನು ಮರೆತರೆ ಹಾಡು ಕೇಳಿಸಿ ಮಾತು ಮಾಯವಾಗಬಹುದು. ಈ ಹಂತದಲ್ಲಿ ಮುಖ್ಯ ಸ್ಪೀಕರನ್ನು 'ಲಾರ್ಜ್' ಎಂದಿಡಬೇಕು. ಸಬ್‌ವೂಫರ್ ಬಂದ ದಿನ 'ಸ್ಮಾಲ್' ಎಂದು ಬದಲಿಸಿ 80 ಹರ್ಟ್ಸ್ ಗಡಿ ಹಾಕಬೇಕು.

ಎರಡನೆಯ ಹಂತದಲ್ಲಿ ಕೇಂದ್ರವೋ ಸಬ್‌ವೂಫರೋ ಎಂಬ ಪ್ರಶ್ನೆಗೆ ಉತ್ತರ ಮನೆಯ ಸದಸ್ಯರ ಸಂಖ್ಯೆಯಲ್ಲಿದೆ. ಒಬ್ಬಿಬ್ಬರು ನಡುವೆ ಕುಳಿತು ನೋಡುವ ಮನೆಯಲ್ಲಿ ಎರಡೇ ಸ್ಪೀಕರ್ ಕೇಂದ್ರದ ಕೆಲಸವನ್ನು ಚೆನ್ನಾಗಿಯೇ ನಿಭಾಯಿಸುತ್ತವೆ. ಅಲ್ಲಿ ಸಬ್‌ವೂಫರ್ ಮೊದಲು ಬರಲಿ. ನಾಲ್ಕೈದು ಮಂದಿ ಹರಡಿ ಕುಳಿತುಕೊಳ್ಳುವ ಮನೆಯಲ್ಲಿ ಪಕ್ಕದವರಿಗೆ ಮಾತು ಹತ್ತಿರದ ಸ್ಪೀಕರಿನಿಂದಲೇ ಬಂದಂತಾಗುವುದರಿಂದ ಕೇಂದ್ರ ಸ್ಪೀಕರ್ ಮೊದಲು ಬೇಕು. ಮಂದ್ರ ಸದ್ದು ಗೋಡೆ ದಾಟಿ ನೆರೆಮನೆಗೆ ಹೋಗುವುದು ಸುಲಭವಾದ್ದರಿಂದ ಕೆಳಗಿನ ಮಹಡಿಯವರ ನೆಮ್ಮದಿಯನ್ನೂ ಸಬ್‌ವೂಫರ್ ಕೊಳ್ಳುವಾಗ ಯೋಚಿಸಬೇಕು. ಹಿಂದಿನ ಎರಡು ಸ್ಪೀಕರ್‌ಗಳು ಕೊನೆಯ ಹಂತ. ಅವು ಚಿಕ್ಕವಾಗಿದ್ದರೂ ನಡೆಯುತ್ತದೆ.

ಜೋಡಣೆಯ ಸೂತ್ರಗಳು

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಮುಖ್ಯ ಸ್ಪೀಕರ್‌ಗಳು ಕೇಳುಗರಿಂದ ಎಡಕ್ಕೆ 30, ಬಲಕ್ಕೆ 30 ಡಿಗ್ರಿ ಕೋನದಲ್ಲಿರಬೇಕು. ಅಂದರೆ ಎರಡು ಸ್ಪೀಕರ್ ಮತ್ತು ಕೇಳುಗ ಸೇರಿ ಸಮಬಾಹು ತ್ರಿಕೋನ. ಸ್ಪೀಕರ್‌ಗಳ ನಡುವೆ 8 ಅಡಿ ಇದ್ದರೆ ಪ್ರತಿಯೊಂದರಿಂದ 8 ಅಡಿ ದೂರದಲ್ಲಿ ಕುಳಿತುಕೊಳ್ಳಬೇಕು. ಮೂಲೆಗೆ ತಳ್ಳಬಾರದು. ಒಂದು ಮೂಲೆಯಲ್ಲಿ, ಇನ್ನೊಂದು ಬಾಗಿಲ ಬಳಿ ಇದ್ದರೆ ಎರಡರ ದನಿ ಹೊಂದುವುದಿಲ್ಲ.

ದುಬಾರಿ ಕೇಬಲ್‌ಗೆ ಹಣ ಸುರಿಯಬೇಕಾಗಿಲ್ಲ. 1.5 ಚದರ ಮಿಲಿಮೀಟರಿನ ಶುದ್ಧ ತಾಮ್ರದ ತಂತಿಯನ್ನು 10 ಮೀಟರ್ ಎಳೆದರೆ ಹೋಗಿಬರುವ ಒಟ್ಟು ಪ್ರತಿರೋಧ ಸುಮಾರು ಕಾಲು ಓಮ್ ಮಾತ್ರ. 8 ಓಮ್ ಸ್ಪೀಕರ್‌ಗೆ ಅದು ನಗಣ್ಯ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಇಂತಹ ತಂತಿ ಮೀಟರ್ ಲೆಕ್ಕದಲ್ಲಿ ದೊರೆಯುತ್ತದೆ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಬೇಡ. ಕೆಂಪು ತಿರುಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂಬ ಕ್ರಮ ಎರಡೂ ಸ್ಪೀಕರಿನಲ್ಲಿ ಒಂದೇ ಆಗಿರಬೇಕು. ಒಂದರಲ್ಲಿ ಅದಲುಬದಲಾದರೆ ಮಂದ್ರ ಸ್ವರ ಸೊರಗಿ, ನಡುವಿನ ದನಿ ಚದುರಿಹೋಗುತ್ತದೆ.

ರಿಸೀವರಿನೊಂದಿಗೆ ಬರುವ ಮೈಕ್‌ನಿಂದ ಕೋಣೆಯನ್ನು ಅಳೆದು ಸರಿಪಡಿಸುವ ಸೌಲಭ್ಯ ಉಪಯುಕ್ತವೇ ಸರಿ. ಅದು ದೂರ ಮತ್ತು ಸದ್ದಿನ ಮಟ್ಟವನ್ನು ಹೊಂದಿಸಿ, ಮಂದ್ರದ ಉಬ್ಬುಗಳನ್ನು ತಗ್ಗಿಸಬಲ್ಲದು. ಆದರೆ ಪಕ್ಕಕ್ಕೆ ಸರಿಯಾಗಿ ಧ್ವನಿ ಹರಡದ ಸ್ಪೀಕರನ್ನು ಅದು ಒಳ್ಳೆಯದಾಗಿಸಲಾರದು.

ಕೊಳ್ಳುವ ಮುನ್ನ ಒಂದು ಹಾಳೆಯಲ್ಲಿ ಕೋಣೆಯ ಅಳತೆ, ಕುಳಿತುಕೊಳ್ಳುವ ದೂರ, ನೋಡುವವರ ಸಂಖ್ಯೆ, ಎರಡು ಮೂರು ವರ್ಷಗಳಲ್ಲಿ ವೆಚ್ಚ ಮಾಡಬಹುದಾದ ಒಟ್ಟು ಮೊತ್ತ ಇವನ್ನು ಬರೆದಿಟ್ಟುಕೊಳ್ಳುವುದು ಒಳಿತು. ಆ ಮೊತ್ತದ ಮೂರನೇ ಒಂದು ಭಾಗ ಮುಖ್ಯ ಸ್ಪೀಕರ್‌ಗೆ ಸಲ್ಲುವುದಾದರೆ ಅದು ದುಂದಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಿಜ. ಮುಖ್ಯ ಜೋಡಿ ಸರಿಯಾಗಿದ್ದರೆ, ಉಳಿದ ಹಂತಗಳು ಒಂದೆರಡು ವರ್ಷ ತಡವಾದರೂ ಆವರೆಗೆ ಆ ಎರಡೇ ಸ್ಪೀಕರ್‌ಗಳಲ್ಲಿ ಚಿತ್ರ ನೋಡುವ, ಹಾಡು ಕೇಳುವ ಸುಖಕ್ಕೆ ಕೊರತೆಯಾಗದು.